ಕರಿ ಹುಂಜದ ಅಸಲು

ಸಂತೆಯಲ್ಲಿ ಕೋಳಿ ಮಾರುವವರು ಸಾಮಾನ್ಯವಾಗಿ ಒಂದು ಅಂಚಿಗೆ, ಮರದ ನೆರಳು ಹಿಡಿದು ಕೂತಿರುತ್ತಾರೆ. ತುಮಕೂರು ಸೀಮೆಯ ಒಂದು ಸಂತೆಯಲ್ಲಿ ಅಂಥ ಸಾಲಿನ ಕೊನೆಗೆ, ಮಂಕರಿಯ ಕೆಳಗೆ, ಒಂದು ಕರಿ ಹುಂಜ ಕಂಡಿತು. ಮೈತುಂಬ ಕಪ್ಪು ಪುಕ್ಕ, ಬಾಲದ ಗರಿಗಳಲ್ಲಿ ಹಸಿರು ಮಿಂಚು, ಕಾಲು ಮೇಲಿಂದ ನೋಡಿದರೆ ಕಪ್ಪು. ಬೆಲೆ ಪಕ್ಕದ ನಾಟಿ ಹುಂಜದ ಎರಡರಷ್ಟು.

"ಕಡಕ್‌ನಾಥ್ ಸಾಮಿ, ಅಸಲಿ" ಎಂದರು ಮಾರುತ್ತಿದ್ದ ಹೆಂಗಸು.

"ಅಸಲಿ ಅಂತ ಹೆಂಗೆ ಗೊತ್ತಾಯ್ತಕ್ಕ?"

"ಕರ್ರಗೈತಲ್ಲ ಸಾಮಿ. ಇನ್ನೇನ್ ಬೇಕು?"

ಹುಂಜವನ್ನು ಕೈಗೆತ್ತಿಕೊಂಡು ಕೊಕ್ಕು ಬಿಡಿಸಿದೆ. ನಾಲಿಗೆ ನಸುಗೆಂಪು. ರೆಕ್ಕೆಯೆತ್ತಿ ಅಡಿಯ ಚರ್ಮ ನೋಡಿದರೆ ಅಲ್ಲಲ್ಲಿ ಮಸಿ ಒರೆಸಿದಂಥ ಗುರುತು, ಉಳಿದದ್ದು ಬಿಳಿ. ಜುಟ್ಟಿನ ಬುಡ ಕಪ್ಪು, ತುದಿ ಕೆಂಪು. ಪಾದ ಮೇಲೆತ್ತಿದರೆ ಅಂಗಾಲು ಬಿಳಿ. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಹಿಂದೊಮ್ಮೆ ಯಾರೋ ಮನೆ ಬಾಗಿಲಿಗೆ ತಂದು ಮಾರಿದ ಕರಿ ಪಿಳ್ಳೆಗಳನ್ನು ಕಡಕ್‌ನಾಥ್ ಎಂದೇ ನಂಬಿ ಸಾಕಿದ್ದರು. ಈ ಹುಂಜ ಅವುಗಳ ಸಂತಾನ. ಆಕೆಗೆ ಯಾರು ಮೋಸಮಾಡಿದರೋ, ಅವರಿಗೆ ಇನ್ಯಾರು ಮಾಡಿದ್ದರೋ. ಆದರೆ ಆಕೆ ಕೇಳಿದ ಪ್ರಶ್ನೆ ನನ್ನೊಡನೆ ಮನೆಯವರೆಗೂ ಬಂತು. ಕರ್ರಗಿದ್ದರೆ ಸಾಲದೇ?

ಅಸಲು ಎಂಬುದು ಅರಬ್ಬಿಯಿಂದ ಬಂದು ನಮ್ಮದಾದ ಮಾತು. ಸಾಲದ ಲೆಕ್ಕದಲ್ಲಿ ಬಡ್ಡಿ ಸೇರುವ ಮೊದಲು ಇದ್ದ ಮೂಲ ಹಣವನ್ನು ಅಸಲು ಎನ್ನುತ್ತೇವೆ. ಕಾದಾಟಕ್ಕೆ ಹೆಸರಾದ ಅಸೀಲ್ ಕೋಳಿಯ ಹೆಸರೂ ಅದೇ ಬೇರಿನದು. ಕೋಳಿಯ ಮಟ್ಟಿಗೆ ಈ ಲೆಕ್ಕದ ಅರ್ಥ ಚೆನ್ನಾಗಿ ಕೂಡಿಬರುತ್ತದೆ. ಕಣ್ಣೆದುರಿಗಿರುವ ಹಕ್ಕಿ ಇವತ್ತಿನ ಮೊತ್ತ. ಅದರಲ್ಲಿ ಅಸಲು ಎಷ್ಟು ಎಂದು ತಿಳಿಯಲು ಹಿಂದಿನವರ ಖಾತೆ ತೆಗೆಯಬೇಕು, ಇಲ್ಲವೇ ಮುಂದೆ ಹುಟ್ಟುವ ಮರಿಗಳನ್ನು ಕೇಳಬೇಕು.

ಕಡಕ್‌ನಾಥ್ ಕೋಳಿಯ ತವರು ಮಧ್ಯಪ್ರದೇಶದ ಪಶ್ಚಿಮದ ಗುಡ್ಡಗಾಡು. ಝಾಬುವಾ, ಅಲಿರಾಜಪುರ, ಧಾರ್ ಜಿಲ್ಲೆಗಳ ಭಿಲ್, ಭಿಲಾಲ ಜನ ತಲೆಮಾರುಗಳಿಂದ ಸಾಕಿಕೊಂಡು ಬಂದ ಹಕ್ಕಿ ಇದು. ಮಾಂಸವೂ ಕಪ್ಪಾದ್ದರಿಂದ ಅವರು ಇದನ್ನು ಕಾಲಿಮಾಸಿ ಎಂದು ಕರೆಯುತ್ತಾರೆ. ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೇಡಿಕೆ ದೇಶದ ತುಂಬ ಹಬ್ಬಿತು, ಜೊತೆಗೇ ಹೋಲಿಕೆಯ ಕೋಳಿಗಳೂ ಹುಟ್ಟಿಕೊಂಡವು.

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಎಂದರೆ, ಕೋಳಿಯಲ್ಲಿ ಕಪ್ಪು ಎಂಬುದು ಒಂದೇ ಗುಣವಲ್ಲ. ಪುಕ್ಕದ ಕಪ್ಪು ಬೇರೆ, ಒಳಮೈಯ ಕಪ್ಪು ಬೇರೆ. ಎರಡನ್ನೂ ನಿಯಂತ್ರಿಸುವ ವಂಶವಾಹಿಗಳು ಬೇರೆ ಬೇರೆ. ಕಪ್ಪು ಪುಕ್ಕದ ನಾಟಿ ಕೋಳಿ ಪ್ರತಿ ಊರಿನಲ್ಲೂ ಇದೆ. ಪುಕ್ಕ ಕಿತ್ತರೆ ಬಿಳಿ ಚರ್ಮ, ಕುಯ್ದರೆ ಕೆಂಪು ಮಾಂಸ. ಕಡಕ್‌ನಾಥ್‌ನಲ್ಲಾದರೋ ಪೂರ್ತಿ ಕಪ್ಪು, ಬಿಳಿ ಗೀರಿನದು, ಹೊಂಬಣ್ಣದ್ದು ಎಂದು ಪುಕ್ಕದಲ್ಲೇ ಮೂರು ಬಗೆ. ಆದ್ದರಿಂದ ಕುತ್ತಿಗೆಯಲ್ಲಿ ಹೊನ್ನಿನ ಗರಿಯಿರುವ ಹುಂಜ ಅಪ್ಪಟ ಕಡಕ್‌ನಾಥ್ ಆಗಿರಬಹುದು, ಇದ್ದಿಲಿನಂತಿರುವ ಹುಂಜ ಆಗಿಲ್ಲದಿರಬಹುದು. ನಮ್ಮ ತುಳುನಾಡಿನ ಕೋಳಿ ಅಂಕದವರು ಹುಂಜಗಳನ್ನು ಬೊಳ್ಳೆ, ಕಕ್ಕೆ, ಕೆಮ್ಮೈರೆ ಎಂದು ಬಣ್ಣದಿಂದಲೇ ಗುರುತಿಸುತ್ತಾರೆ. ಅದಕ್ಕಾಗಿ ಕುಕ್ಕುಟ ಪಂಚಾಂಗವೇ ಇದೆ. ಅದು ಬಣ್ಣದ ಶಾಸ್ತ್ರ. ಒಂದೇ ತಾಯಿಯ ಒಂದೇ ಕಾವಿನಲ್ಲಿ ಬಿಳಿಯದೂ ಕರಿಯದೂ ಕೆಂಪಿನದೂ ಏಳಬಹುದು. ಪುಕ್ಕದಿಂದ ತಳಿ ಹೇಳಲು ಹೋಗುವುದು ಅಂಗಿಯ ಬಣ್ಣದಿಂದ ಊರು ಹೇಳಿದಂತೆ.

ಒಳಮೈಯ ಕಪ್ಪಿನ ಕತೆ ಮೊಟ್ಟೆಯೊಳಗೆ ಶುರುವಾಗುತ್ತದೆ. ಭ್ರೂಣದ ಬೆನ್ನಿನುದ್ದಕ್ಕೆ, ಮುಂದೆ ಬೆನ್ನುಹುರಿಯಾಗುವ ನಾಳದ ಪಕ್ಕದಿಂದ, ಬಣ್ಣದ ಕಣಗಳ ಮೂಲಕೋಶಗಳು ವಲಸೆ ಹೊರಡುತ್ತವೆ. ಸಾಧಾರಣ ಕೋಳಿಯಲ್ಲಿ ಅವು ಚರ್ಮದಡಿಯ ಮೇಲುದಾರಿ ಹಿಡಿದು ಗರಿಗಳ ಬುಡ ಸೇರುತ್ತವೆ. ಒಳದಾರಿಗೆ ಅವಕ್ಕೆ ಪ್ರವೇಶವಿಲ್ಲ. ಕಡಕ್‌ನಾಥ್‌ನಲ್ಲಿ ಅವು ಆ ತಡೆ ಮೀರಿ ಒಳಗೂ ನುಗ್ಗುತ್ತವೆ, ಅಲ್ಲಿ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಸ್ನಾಯುಗಳನ್ನು ಹೊದ್ದ ಪೊರೆ, ಮೂಳೆಯ ಮೇಲಿನ ಪೊರೆ, ಶ್ವಾಸನಾಳ, ಕರುಳಿನ ಸುತ್ತಣ ಹೊದಿಕೆ ಎಲ್ಲದರಲ್ಲೂ ಮೆಲನಿನ್ ತುಂಬುತ್ತದೆ. ರಕ್ತ ಮಾತ್ರ ಎಲ್ಲ ಕೋಳಿಯಂತೆ ಕೆಂಪು. ಮೊಟ್ಟೆ ಕಪ್ಪಲ್ಲ, ತಿಳಿಗಂದು. 'ಕಡಕ್‌ನಾಥ್‌ನ ಕರಿ ಮೊಟ್ಟೆ' ಎಂದು ಯಾರಾದರೂ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಈ ನುಗ್ಗುವಿಕೆಗೆ ಕಾರಣ 2011ರಲ್ಲಿ ಸಿಕ್ಕಿತು. ಕೋಳಿಯ 20ನೇ ವರ್ಣತಂತುವಿನಲ್ಲಿ ತಲಾ ಒಂದು ಲಕ್ಷಕ್ಕೂ ಹೆಚ್ಚು ಅಕ್ಷರಗಳ ಎರಡು ತುಂಡುಗಳು ಇಮ್ಮಡಿಯಾಗಿ, ಜಾಗ ಪಲ್ಲಟವಾಗಿ ಕೂತಿವೆ. ಅವುಗಳಲ್ಲೊಂದರೊಳಗೆ ಎಂಡೋಥೆಲಿನ್-3 ಎಂಬ ವಂಶವಾಹಿ ಇದೆ. ಬಣ್ಣದ ಕೋಶಗಳಿಗೆ 'ಹೆಚ್ಚು, ಹೊರಡು' ಎಂದು ಹೇಳುವ ಸಂಕೇತ ಅದರದು. ಅದರ ಪ್ರತಿ ಹೆಚ್ಚಾದಾಗ ಸಂಕೇತವೂ ಹೆಚ್ಚಾಯಿತು. ಚೀನಾದ ಸಿಲ್ಕಿ, ಇಂಡೋನೇಷ್ಯಾದ ಅಯಾಂ ಸೆಮಾನಿ, ಸ್ವೀಡನ್ನಿನ ಸ್ವಾರ್ಟ್‌ಹೋನಾ ಮೊದಲಾದ ಕರಿಮಾಂಸದ ತಳಿಗಳಲ್ಲೂ, ನಮ್ಮ ಕಡಕ್‌ನಾಥ್‌ನಲ್ಲೂ ಇರುವುದು ಇದೇ ಪಲ್ಲಟ. ಎಂದೋ ಒಂದು ಕೋಳಿಯಲ್ಲಿ ಒಮ್ಮೆ ನಡೆದ ಬದಲಾವಣೆ ಇಷ್ಟು ದೂರ ಹರಡಿದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಕಪ್ಪು ಪ್ರಬಲ ಗುಣ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಬೆರಕೆ ಕೋಳಿ ಕಡಕ್‌ನಾಥ್‌ನಂತೆ ಕಾಣುವುದರ ಗುಟ್ಟು ಇದೇ. ಆದರೆ ಸಂತೆಯ ಆ ಹುಂಜ ಪೂರ್ತಿ ಕಪ್ಪಾಗದೆ ತೇಪೆ ತೇಪೆಯಾಗಿತ್ತಲ್ಲ, ಅದೇಕೆ?

ಉತ್ತರಕ್ಕೆ ನೂರು ವರ್ಷ ಹಿಂದೆ ಹೋಗಬೇಕು. ಮೆಂಡೆಲ್‌ನ ನಿಯಮಗಳು ಬಟಾಣಿ ಗಿಡಕ್ಕಷ್ಟೇ ಅಲ್ಲ, ಪ್ರಾಣಿಗಳಿಗೂ ಸಲ್ಲುತ್ತವೆ ಎಂದು 1902ರಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್‌ಸನ್ ತೋರಿಸಿಕೊಟ್ಟದ್ದು ಕೋಳಿಯ ಜುಟ್ಟುಗಳನ್ನು ಎಣಿಸಿ. ಮುಂದೆ ಆತ ರೆಜಿನಾಲ್ಡ್ ಪನೆಟ್ ಜೊತೆಗೂಡಿ ಸಿಲ್ಕಿ ಕೋಳಿಯ ಕಪ್ಪನ್ನು ಬೆನ್ನಟ್ಟಿದ. 1911ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಕೋಳಿ ಕೊಳ್ಳುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದದ್ದು. ಕರಿಮೈಯ ಸಿಲ್ಕಿ ಹುಂಜಕ್ಕೆ ಕಂದು ಲೆಗ್‌ಹಾರ್ನ್ ಹೆಣ್ಣನ್ನು ಕೂಡಿಸಿದಾಗ ಹುಟ್ಟಿದ ಹೆಣ್ಣುಮರಿಗಳು ಗಾಢ ಕಪ್ಪು, ಗಂಡುಮರಿಗಳಲ್ಲಿ ಬರೀ ಕಪ್ಪಿನ ಛಾಯೆ. ಜೋಡಿಯನ್ನು ತಿರುಗಿಸಿ ಲೆಗ್‌ಹಾರ್ನ್ ಹುಂಜಕ್ಕೆ ಸಿಲ್ಕಿ ಹೆಣ್ಣನ್ನು ಕೂಡಿಸಿದರೆ ಎಲ್ಲ ಮರಿಗಳಲ್ಲೂ ಬರೀ ಛಾಯೆ.

ಇದರ ಹಿಂದೆ ಇನ್ನೊಂದು ವಂಶವಾಹಿ ಇದೆ. ಚರ್ಮದ ಒಳಪದರದಲ್ಲಿ ಕಪ್ಪು ಕೂರದಂತೆ ತಡೆಯುವುದು ಅದರ ಕೆಲಸ. ಬಿಳಿ ಅಥವಾ ಹಳದಿ ಕಾಲಿನ ಕೋಳಿಗಳಲ್ಲಿ ಈ ತಡೆ ಇರುತ್ತದೆ. ಹಸಿರುಗಾಲು, ಸೀಸದ ಬಣ್ಣದ ಕಾಲಿನವುಗಳಲ್ಲಿ ಇರುವುದಿಲ್ಲ. ಅದು ಕೂತಿರುವುದು ಲಿಂಗ ನಿರ್ಧರಿಸುವ ಝಡ್ ವರ್ಣತಂತುವಿನ ಮೇಲೆ. ಮನುಷ್ಯರ ಲೆಕ್ಕ ಕೋಳಿಯಲ್ಲಿ ತಲೆಕೆಳಗು: ಹುಂಜಕ್ಕೆ ಎರಡು ಝಡ್, ಹೆಣ್ಣಿಗೆ ಒಂದೇ. ಆ ಒಂದನ್ನು ತಾಯಿ ಕೊಡುವುದು ಗಂಡುಮಕ್ಕಳಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಝಡ್ ಬರುವುದು ತಂದೆಯಿಂದ.

ಈಗ ಊರಿನಲ್ಲಿ ನಡೆಯುವುದನ್ನು ಊಹಿಸಿಕೊಳ್ಳಿ. ಯಾರೋ ಒಂದೇ ಒಂದು ಅಪ್ಪಟ ಕಡಕ್‌ನಾಥ್ ಹುಂಜ ತಂದು ಬಿಳಿಗಾಲಿನ ನಾಟಿ ಹ್ಯಾಟೆಗಳ ಜೊತೆ ಬಿಡುತ್ತಾರೆ. ಹುಟ್ಟುವ ಹೆಣ್ಣುಮರಿಗಳಿಗೆ ತಂದೆಯ ತಡೆಯಿಲ್ಲದ ಝಡ್ ಸಿಕ್ಕಿ ಮೈಯೆಲ್ಲ ಕಪ್ಪಾಗುತ್ತದೆ. ಗಂಡುಮರಿಗಳಿಗೆ ತಾಯಿಯ ತಡೆ ಬಂದು ನಾಲಿಗೆ, ಅಂಗಾಲು, ಕಂಕುಳು ಬೆಳ್ಳಗೇ ಉಳಿಯುತ್ತವೆ. ಒಂದೇ ಕಾವಿನಲ್ಲಿ ಎದ್ದ ಅಣ್ಣ ಬೆರಕೆ ಎನಿಸಿಕೊಳ್ಳುತ್ತಾನೆ, ತಂಗಿ ಅಸಲಿ ಎಂದು ಮಾರಾಟವಾಗುತ್ತಾಳೆ. ಇಬ್ಬರ ರಕ್ತವೂ ಒಂದೇ, ಅರ್ಧ ನಾಟಿ. ಸಂತೆಯ ಹುಂಜ ಇಂಥದೇ ಒಂದು ಅಣ್ಣ. ತಾಯಿ ಹಸಿರುಗಾಲಿನ ನಾಟಿಯಾಗಿದ್ದರೆ ಸಂಗತಿ ಇನ್ನೂ ಕಷ್ಟ. ತಡೆಯೇ ಇಲ್ಲದ್ದರಿಂದ ಅಣ್ಣ ತಂಗಿ ಎಲ್ಲರೂ ಕಪ್ಪು. ಕಪ್ಪು ಸ್ವಲ್ಪ ತಿಳಿಯಾಗಿರಬಹುದು. ಪಕ್ಕದಲ್ಲಿ ಅಸಲಿ ಹಕ್ಕಿ ಇಟ್ಟು ನೋಡದ ಹೊರತು ಅದು ಕಣ್ಣಿಗೆ ಬೀಳದು.

ಹಾಗಾದರೆ ನೋಡಿ ಪ್ರಯೋಜನವಿಲ್ಲವೇ? ಇದೆ. ನೋಟ ಒಂದು ಕೋಳಿಯನ್ನು ಸಲೀಸಾಗಿ ತಳ್ಳಿಹಾಕಬಲ್ಲುದು. ಬಿಳಿ ಅಂಗಾಲು, ಕೆಂಪು ನಾಲಿಗೆ, ಅಚ್ಚಗೆಂಪು ಜುಟ್ಟು ಕಂಡರೆ ಅಲ್ಲಿಗೆ ಮಾತು ಮುಗಿಯಿತು. ಕಾಲಿನಲ್ಲಿ ಐದು ಬೆರಳಿದ್ದರೆ ಹಿಂದೆ ಎಲ್ಲೋ ಸಿಲ್ಕಿ ಸೇರಿದೆ; ಕಡಕ್‌ನಾಥ್‌ಗೆ ನಾಲ್ಕೇ ಬೆರಳು. ಗರಗಸದ ಹಲ್ಲಿನಂಥ ಒಂಟಿ ಜುಟ್ಟಿನ ಬದಲು ಬಟಾಣಿ ಕಾಳು ಸಾಲಿಟ್ಟಂಥ ಗಿಡ್ಡ ಜುಟ್ಟಿದ್ದರೆ ಅಸೀಲ್ ಅಥವಾ ಅಂಥದೇ ಯಾವುದೋ ತಳಿಯ ಪಾಲು ಇದೆ. ಹುಂಜ ಎರಡು ಕಿಲೋ ದಾಟಿ ಬಹಳ ಬೆಳೆದಿದ್ದರೆ ಫಾರಂ ಕೋಳಿಯ ಸಂಬಂಧ ಶಂಕಿಸಬೇಕು. ಆದರೆ ಇಷ್ಟೂ ಪರೀಕ್ಷೆ ದಾಟಿದ ಕೋಳಿ ಅಸಲಿ ಎಂದು ನೋಟ ಹೇಳಲಾರದು. 'ಅಲ್ಲ' ಎನ್ನುವ ಅಧಿಕಾರ ಕಣ್ಣಿಗಿದೆ, 'ಹೌದು' ಎನ್ನುವ ಅಧಿಕಾರ ಇಲ್ಲ. ಕೋಳಿ ವ್ಯಾಪಾರದಲ್ಲಿ ಆಗುವ ಮೋಸಗಳಲ್ಲಿ ಬಹುಪಾಲು ಈ ಭೇದ ಮರೆತದ್ದರಿಂದ ಆಗುತ್ತವೆ ಎಂದು ನನ್ನ ನಂಬಿಕೆ.

'ಹೌದು' ಎನ್ನುವುದಕ್ಕೆ ಹತ್ತಿರ ಬರುವ ಸಾಕ್ಷಿ ಮರಿಗಳು. ಅನುಮಾನವಿರುವ ಕರಿ ಹುಂಜವನ್ನು ಹಸಿರುಗಾಲಿನ ಸಾಧಾರಣ ನಾಟಿ ಹೆಣ್ಣುಗಳ ಜೊತೆ ಬಿಟ್ಟು ಮೊಟ್ಟೆಗಳನ್ನು ಕಾವಿಗಿಡಿ. ಹುಂಜದಲ್ಲಿ ಕಪ್ಪಿನ ಪ್ರತಿ ಎರಡೂ ಇದ್ದರೆ ಪ್ರತಿ ಮರಿಗೂ ಒಂದು ಸಿಗಲೇಬೇಕು; ಎಲ್ಲ ಮರಿಯೂ ಕರಿಮೈ. ಒಂದೇ ಪ್ರತಿಯಿದ್ದರೆ ಪ್ರತಿ ಮರಿಯೂ ನಾಣ್ಯ ಚಿಮ್ಮಿದಂತೆ, ಅರ್ಧದಷ್ಟು ಕಪ್ಪು, ಅರ್ಧದಷ್ಟು ಬಿಳಿ. ಒಂದು ಬಿಳಿಚರ್ಮದ ಮರಿ ಎದ್ದರೆ ಸಾಕು, ಹುಂಜ ಬೆರಕೆ ಎಂದು ತೀರ್ಮಾನವಾಯಿತು. ಐದು ಮರಿಗಳೂ ಕಪ್ಪಾದವೆಂದು ನಿರಾಳವಾಗಬೇಡಿ. ಬೆರಕೆ ಹುಂಜವೂ 32ರಲ್ಲಿ ಒಂದು ಸಲ ಹಾಗೆ ದಾಟಿಕೊಳ್ಳುತ್ತದೆ. ಹತ್ತು ಮರಿಗಳೂ ಕಪ್ಪಾದರೆ ಆ ಸಾಧ್ಯತೆ 1,024ರಲ್ಲಿ ಒಂದಕ್ಕೆ ಇಳಿಯುತ್ತದೆ. ಖರ್ಚಿಲ್ಲದ, ಯಂತ್ರವಿಲ್ಲದ, ಹಳ್ಳಿಯ ಹಿತ್ತಿಲಲ್ಲಿ ಮೂರು ವಾರದ ಕಾವಿನಲ್ಲಿ ಮುಗಿಯುವ ಪರೀಕ್ಷೆ ಇದು.

ಆದರೂ ಇಲ್ಲೊಂದು ಸೂಕ್ಷ್ಮ ಉಳಿಯುತ್ತದೆ. ಈ ಪರೀಕ್ಷೆ ಸಾಬೀತು ಮಾಡುವುದು ಒಂದು ಗುಣದ ಶುದ್ಧಿಯನ್ನು. ತಳಿಯ ಶುದ್ಧಿ ಅದಕ್ಕಿಂತ ಬಹಳ ದೊಡ್ಡದು. ಕೋಳಿಯ ವಂಶಲಿಪಿ ನೂರು ಕೋಟಿಗೂ ಹೆಚ್ಚು ಅಕ್ಷರಗಳದ್ದು, 39 ಜೋಡಿ ವರ್ಣತಂತುಗಳಲ್ಲಿ ಹಂಚಿಕೊಂಡದ್ದು. ಕಪ್ಪು ಇರುವುದು ಒಂದು ವರ್ಣತಂತುವಿನ ಒಂದು ಮೂಲೆಯಲ್ಲಿ. ಬೆರಕೆ ಅಣ್ಣ ತಂಗಿಯರೇ ಕೂಡಿದರೆ ಅವರ ಮರಿಗಳಲ್ಲಿ ನಾಲ್ಕಕ್ಕೆ ಒಂದರಲ್ಲಿ ಕಪ್ಪಿನ ಎರಡೂ ಪ್ರತಿ ಇರುತ್ತದೆ. ಆ ಮರಿ ಮೇಲಿನ ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಾಸಾಗುತ್ತದೆ. ಆದರೂ ಅದರ ಉಳಿದ ವಂಶಲಿಪಿಯಲ್ಲಿ ಸರಾಸರಿ ಅರ್ಧ ನಾಟಿಯದೇ. ಬೆರಕೆಯನ್ನು ಮತ್ತೆ ಮತ್ತೆ ಅಪ್ಪಟ ಕಡಕ್‌ನಾಥ್‌ಗೇ ಕೂಡಿಸುತ್ತ ಹೋದರೆ ಅಸಲಿನ ಪಾಲು ಮೊದಲ ಸಲ ಶೇ. 75, ಮತ್ತೊಮ್ಮೆಗೆ 87.5, ಆಮೇಲೆ 93.75 ಹೀಗೆ ಏರುತ್ತದೆ. ನೂರು ಮುಟ್ಟುವುದಿಲ್ಲ. ಎಲ್ಲಿ ಗೆರೆ ಎಳೆದು 'ಇನ್ನು ಇದು ಶುದ್ಧ' ಎನ್ನಬೇಕೆಂಬುದನ್ನು ಪ್ರಕೃತಿ ಹೇಳುವುದಿಲ್ಲ, ತಳಿ ಕಾಯುವ ಜನ ಒಪ್ಪಿ ನಿರ್ಧರಿಸುತ್ತಾರೆ.

ಡಿಎನ್‌ಎ ಪರೀಕ್ಷೆ ಎಲ್ಲವನ್ನೂ ಹೇಳಿಬಿಡುತ್ತದಲ್ಲ ಎಂದು ಕೇಳುವವರಿದ್ದಾರೆ. 20ನೇ ವರ್ಣತಂತುವಿನ ಪಲ್ಲಟವನ್ನು ಪ್ರಯೋಗಾಲಯದಲ್ಲಿ ಸುಲಭವಾಗಿ ಗುರುತಿಸಬಹುದು, ನಿಜ. ಆದರೆ ಅದೇ ಪಲ್ಲಟ ಸಿಲ್ಕಿಯಲ್ಲೂ ಸೆಮಾನಿಯಲ್ಲೂ ಇದೆ ಎಂದು ನೋಡಿದೆವು. ಅಂಥ ವರದಿ 'ಈ ಕೋಳಿ ಕರಿಮಾಂಸದ್ದು' ಎನ್ನುತ್ತದೆ ಅಷ್ಟೆ. ತಳಿ ಹೇಳಬೇಕಾದರೆ ವಂಶಲಿಪಿಯ ಬೇರೆ ಬೇರೆ ಕಡೆ ಇರುವ ಅನೇಕ ಗುರುತುಗಳನ್ನು ಒಟ್ಟಿಗೆ ಓದಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೋಳಿಗಳಿಗೆಂದು ಇಂಥ 30 ಗುರುತುಗಳ ಪಟ್ಟಿ ಮಾಡಿದೆ. ಅವನ್ನು ಓದಿದ ಮೇಲೂ ಯಾವುದರ ಜೊತೆ ಹೋಲಿಸುವುದು? ಝಾಬುವಾದ ಹಳ್ಳಿಗಳಲ್ಲಿ ಇನ್ನೂ ಬೆರಕೆಯಾಗದೆ ಉಳಿದ ಹಿಂಡುಗಳ ಜೊತೆ. ಮೂಲ ಹಿಂಡೇ ಕದಡಿಹೋದರೆ ಎಷ್ಟೇ ದುಬಾರಿ ಯಂತ್ರವೂ ಕುರುಡು. ಅಸಲಿನ ಅಳತೆಗೋಲು ಇರುವುದು ಭಿಲ್ ಹೆಣ್ಣುಮಕ್ಕಳ ಹಿತ್ತಿಲಿನಲ್ಲಿ.

ಶುದ್ಧಿಯ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ ಎರಡು ಸಂಗತಿ ಸೇರಿಸದಿದ್ದರೆ ಅನ್ಯಾಯವಾಗುತ್ತದೆ. ಅಮೆರಿಕದ ವಯಾನ್‌ಡಾಟ್ ತಳಿಗೆ ಅಗಲವಾದ, ಮುಳ್ಳುಮುಳ್ಳಿನ ಗುಲಾಬಿ ಜುಟ್ಟು ಇರಬೇಕು. ನೂರು ವರ್ಷಕ್ಕೂ ಮೇಲೆ ಕಟ್ಟುನಿಟ್ಟಾಗಿ ಆರಿಸಿಕೊಂಡು ಬಂದರೂ ಈ ತಳಿಯಲ್ಲಿ ಆಗಾಗ ಒಂಟಿ ಜುಟ್ಟಿನ ಮರಿ ಏಳುತ್ತದೆ. ಬೆರಕೆಯಾಗಿದೆ ಎಂದು ಸಾಕುವವರು ಪರಸ್ಪರ ದೂರಿದ್ದುಂಟು. ಕಾರಣ 2012ರಲ್ಲಿ ವಿವರವಾಗಿ ತಿಳಿಯಿತು. ಗುಲಾಬಿ ಜುಟ್ಟನ್ನು ಕೊಡುವ ವರ್ಣತಂತುವಿನ ತಿರುವುಮುರುವು ಇನ್ನೊಂದು ವಂಶವಾಹಿಯನ್ನು ತುಂಡರಿಸುತ್ತದೆ. ಆ ತಿರುವಿನ ಎರಡೂ ಪ್ರತಿ ಇರುವ ಹುಂಜದ ವೀರ್ಯ ದುರ್ಬಲ. ಒಂದು ಪ್ರತಿ ಗುಲಾಬಿಯದು, ಒಂದು ಒಂಟಿಯದು ಇರುವ ಹುಂಜಗಳೇ ಹೆಚ್ಚು ಮರಿ ಬಿಡುವುದರಿಂದ ಒಂಟಿ ಜುಟ್ಟು ತಳಿಯಿಂದ ಹೋಗುವುದೇ ಇಲ್ಲ. ಅಪ್ಪಟ ಮನೆತನದಲ್ಲೂ ಹೊರಗಿನವನಂತೆ ಕಾಣುವ ಮಗ ಹುಟ್ಟಬಹುದು.

ಇನ್ನೊಂದು ಸಂಗತಿ ನಮ್ಮ ಸಹ್ಯಾದ್ರಿಗೆ ಸೇರಿದ್ದು. ಊರ ಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ವಂಶ ಎಂದು ಡಾರ್ವಿನ್ ತೀರ್ಮಾನಿಸಿದ್ದ. ಬಹುಪಾಲು ಅದು ಸರಿ. ಆದರೆ 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ಹಳದಿ ಕಾಲಿನ ವಂಶವಾಹಿಯನ್ನು ಓದಿದಾಗ ಅದು ಕೆಂಪು ಕಾಡುಕೋಳಿಯದಕ್ಕೆ ಹೊಂದಲಿಲ್ಲ. ಹೊಂದಿದ್ದು ದಕ್ಷಿಣ ಭಾರತದ ಬೂದು ಕಾಡುಕೋಳಿಯದಕ್ಕೆ. ಕೊಡಗು, ಮಲೆನಾಡಿನ ಕಾಡಿನಂಚಿನಲ್ಲಿ ಬೆಳಗಿನ ಹೊತ್ತು ಕೂಗುವ, ಕುತ್ತಿಗೆಯ ಗರಿಯಲ್ಲಿ ಅರಗಿನಂಥ ಚುಕ್ಕೆಗಳಿರುವ ಅದೇ ಹಕ್ಕಿ. ಎಂದೋ ಅದು ಊರ ಕೋಳಿಯೊಡನೆ ಕೂಡಿ ಬಿಟ್ಟುಹೋದ ಗುರುತನ್ನು ಇಂದು ಬಿಳಿ ಲೆಗ್‌ಹಾರ್ನ್ ಕೂಡ ಕಾಲಿನಲ್ಲಿ ಹೊತ್ತು ತಿರುಗುತ್ತಿದೆ. ಪ್ರದರ್ಶನಗಳಲ್ಲಿ ಶುದ್ಧತೆಗೆ ಬಹುಮಾನ ಪಡೆಯುವ ತಳಿಯ ಲಕ್ಷಣವೇ ಒಂದು ಹಳೆಯ ಬೆರಕೆ. ತಳಿ ಎಂದರೆ ಆದಿಯಿಂದ ಕಲಬೆರಕೆಯಾಗದ್ದು ಎಂದಲ್ಲ. ಒಂದು ಕಡೆಯ ಜನ, ಒಂದು ಕಡೆಯ ಹವೆ, ಬಹುಕಾಲ ಸೇರಿ ಆರಿಸಿ ನಿಲ್ಲಿಸಿಕೊಂಡದ್ದು.

ಈ ಕಣ್ಣಿನಿಂದ ನೋಡಿದರೆ ಕಡಕ್‌ನಾಥ್‌ಗಿಂತ ಹೆಚ್ಚು ಅಪಾಯದಲ್ಲಿರುವುದು ನಮ್ಮ ಹಿತ್ತಿಲಿನ, ಹೆಸರಿಲ್ಲದ ನಾಟಿ ಕೋಳಿ. ಉತ್ತರದವರ ಜವಾರಿ ಕೋಳಿ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಬಡವರ ಹಿತ್ತಿಲಿಗೆ ಮಾಂಸ, ಮೊಟ್ಟೆ ಎರಡನ್ನೂ ಹೆಚ್ಚಿಸಿತು. ಅದು ಒಳ್ಳೆಯ ಕೆಲಸ. ಆದರೆ ಗಿರಿರಾಜದ ಹೆಣ್ಣು ಕಾವು ಕೂರುವುದಿಲ್ಲ. ಬಣ್ಣಬಣ್ಣದ ಪುಕ್ಕದಿಂದ ಸಂತೆಯಲ್ಲಿ ಅದನ್ನು ನಾಟಿ ಎಂದು ಮಾರುವುದೂ, ಅದರ ಹುಂಜವನ್ನು ನಾಟಿ ಹಿಂಡಿಗೆ ಬಿಡುವುದೂ ನಡೆದೇ ಇದೆ. ಹಾಗೆ ಬೆರೆತ ಹಿಂಡಿನಲ್ಲಿ ಮೊದಲು ಕಳೆದುಹೋಗುವ ಗುಣ ಬಣ್ಣವಲ್ಲ, ಕಾವು. ಮೂರು ವಾರ ಅನ್ನ ನೀರು ಕಡಿಮೆ ಮಾಡಿ ಮೊಟ್ಟೆಯ ಮೇಲೆ ಕೂತು, ಹದ್ದು ಬಂದರೆ ರೆಕ್ಕೆ ಹರಡಿ ಮರಿಗಳನ್ನು ಬಚ್ಚಿಡುವ ಆ ತಾಯಿಗುಣ ಯಾವ ಫೋಟೋದಲ್ಲೂ ಕಾಣುವುದಿಲ್ಲ. ಕರ್ನಾಟಕ, ಆಂಧ್ರದ ಗಾಗಸ್ ಕೋಳಿಗೆ ದೇಶದ ನೋಂದಾಯಿತ ತಳಿಗಳ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಉಳಿದ ನಾಟಿ ಹಿಂಡುಗಳ ಲೆಕ್ಕ ಇಟ್ಟವರು ಅವನ್ನು ಸಾಕಿದ ಅಜ್ಜಿಯರು ಮಾತ್ರ.

ಆ ಸಂತೆಯ ಹೆಂಗಸಿಗೆ ನಾನು ಹುಂಜದ ಅಂಗಾಲು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇನ್ಮೇಲೆ ನಾನೂ ಕಾಲ್ ಎತ್ತಿ ನೋಡ್ತೀನಿ ಬಿಡಿ" ಎಂದರು. ಆಮೇಲೆ ಕೇಳಿದ ಪ್ರಶ್ನೆ ಸಾಕುವ ಎಲ್ಲರದೂ ಹೌದು. ಬೆರಕೆ ಹುಂಜ ಮೆಟ್ಟಿದ ಹ್ಯಾಟೆ ಕೆಟ್ಟಂತೆಯೇ ಅಲ್ಲವೇ, ಅದರಿಂದ ಮತ್ತೆ ಒಳ್ಳೆಯ ಮರಿ ಬರುತ್ತದೆಯೇ ಎಂದು. ಬರುತ್ತದೆ. ಹ್ಯಾಟೆ ಕೆಡುವುದಿಲ್ಲ, ಒಮ್ಮೆ ಕೂಡಿದ ಹುಂಜದ ಗುಣ ಅದರ ಮೈಯಲ್ಲಿ ಉಳಿಯುವುದಿಲ್ಲ. ಕೋಳಿಯ ಅಂಡನಾಳದಲ್ಲಿ ವೀರ್ಯವನ್ನು ಕೂಡಿಡುವ ಸಣ್ಣ ಕೊಳವೆಗಳಿವೆ; ಅಲ್ಲಿ ಅದು ಎರಡರಿಂದ ಮೂರು ವಾರ ಜೀವಂತವಾಗಿರುತ್ತದೆ, ಅಷ್ಟೇ. ನಿಮ್ಮಲ್ಲಿ ಯಾವುದೇ ತಳಿಯ ಒಳ್ಳೆಯ ಹ್ಯಾಟೆಗಳಿದ್ದರೆ ಬೇರೆ ಹುಂಜಗಳಿಂದ ಪೂರ್ತಿ ನಾಲ್ಕು ವಾರ ದೂರವಿಡಿ. ಆಮೇಲೆ ಅದೇ ತಳಿಯ ಹುಂಜ ಬಿಡಿ. ಆ ನಾಲ್ಕು ವಾರದ ಮೊಟ್ಟೆಯನ್ನು ಅಡುಗೆಗೆ ಬಳಸಿ, ಕಾವಿಗೆ ಇಡಬೇಡಿ. ಯಾವ ಹ್ಯಾಟೆ, ಯಾವ ಹುಂಜ, ಯಾವ ದಿನ, ಎಷ್ಟು ಮರಿ ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಮೇಲಾದರೂ ಬರೆದಿಡಿ.